ಬಿಸಿಲಿಗಿಟ್ಟ ಸೆಲ್ಲುಗಳ ಕ್ರಿಸ್‌ಮಸ್

ಮೊನ್ನೆ ಬೆಳಿಗ್ಗೆ ನಮ್ಮ ಗ್ಯಾಸ್ ಗೀಸರ್ ಹೊತ್ತಿಕೊಳ್ಳಲಿಲ್ಲ. ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಡಿಸೆಂಬರ್ ಚಳಿ. ನಮ್ಮನೆಯವರು ಟವಲ್ ಸುತ್ತಿಕೊಂಡು ಬಚ್ಚಲುಮನೆ ಬಾಗಿಲಲ್ಲಿ ನಿಂತು, "ಸೆಲ್ ಹೋಗಿದೆ ಕಣೇ" ಎಂದು ಕೂಗಿದರು. ಹೊಸ ಸೆಲ್ ಹಾಕಿ, ಹಳೆಯ ಎರಡನ್ನೂ ಪೇಪರಿನಲ್ಲಿ ಸುತ್ತಿ, ಅಭ್ಯಾಸಬಲದಿಂದ ನನ್ನ ಕೈಚೀಲದೊಳಗೆ ಇಟ್ಟುಕೊಂಡೆ. ಇಟ್ಟುಕೊಂಡ ಮೇಲೆ ನೆನಪಾಯಿತು, ಇವನ್ನು ಕೊಡಬೇಕಾದ ಮನುಷ್ಯ ಈಗಿಲ್ಲ. ಮಳೆಗಾಲದಲ್ಲೇ ಹೋಗಿಬಿಟ್ಟರು.

ಆವತ್ತಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಗೆ ಹೋಗುತ್ತೇನೆ. ಬಾಲ್ಕನಿಯಲ್ಲಿ ನಿಂತು ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಗಲಾಟೆ ನೋಡುತ್ತ, ಹಾಲು ಉಕ್ಕಿದ ವಾಸನೆ ಬಂದಮೇಲೆ ಒಳಗೆ ಓಡುತ್ತೇನೆ. ಕೈಚೀಲ ತೆರೆದು ಸೆಲ್ ಇವೆಯೋ ಇಲ್ಲವೋ ಎಂದು ನೋಡುತ್ತೇನೆ. ಇದು ಅವರಿಂದಲೇ ಅಂಟಿದ ರೋಗವಿರಬೇಕು. ಅವರಷ್ಟು ಚಡಪಡಿಕೆಯ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಶಿವಾಜಿನಗರದಲ್ಲಿ ಅವರದು ಬಟನ್, ಜಿಪ್, ಲೇಸ್ ಮಾರುವ ಅಂಗಡಿ. ಗಿರಾಕಿಗಳಿಗೆಲ್ಲ ಅವರು ಭಾಯ್. ಇಬ್ಬರು ಒಟ್ಟಿಗೆ ಒಳಗೆ ಹೋದರೆ ಒಬ್ಬರು ಹಿಂದೆ ನಡೆದೇ ಹೊರಬರಬೇಕು, ಅಷ್ಟು ಇಕ್ಕಟ್ಟು. ನಾನು ಮೊದಲ ಸಲ ಹೋಗಿದ್ದು ಬ್ಲೌಸಿನ ಲೈನಿಂಗಿಗೆ ಹೊಂದುವ ಲೇಸ್ ಹುಡುಕಿಕೊಂಡು. ಆಷಾಢದ ಜಿಟಿಜಿಟಿ ಮಳೆ. ಒಳಗೆ ನೋಡಿದರೆ ರೆಕಾರ್ಡ್ ಪ್ಲೇಯರಿನಲ್ಲಿ ಗಂಟೆ, ಗೆಜ್ಜೆ, ಕೋರಸ್ ಎಲ್ಲ ಸೇರಿ ಕ್ರಿಸ್‌ಮಸ್ ಹಾಡು ಬರುತ್ತಿದೆ! ತಲೆಯ ಮೇಲೆ ಬಿಳಿ ಟೋಪಿ, ಕೊರಳಲ್ಲಿ ಅಳತೆ ಟೇಪು, ಕೌಂಟರಿನ ಹಿಂದೆ ನಿಂತಲ್ಲೇ ಕಾಲು ಬದಲಿಸುತ್ತಿದ್ದ ಈ ಮನುಷ್ಯ. ಹಾಡು ಅರ್ಧಕ್ಕೆ ಬಂದಿತ್ತು. ಲೇಸ್ ಅಳೆಯುತ್ತಿದ್ದವರು ಹಾಗೇ ಕೈಚಾಚಿ ಮುಳ್ಳು ಎತ್ತಿಬಿಟ್ಟರು.

"ಚೆನ್ನಾಗಿತ್ತಲ್ಲ, ಯಾಕೆ ನಿಲ್ಲಿಸಿದ್ರಿ?" ಎಂದೆ.

"ಇವಳಲ್ಲ ಮೇಡಂ. ಇವಳಿಗೆ ತುಂಬ ಅವಸರ."

ಆ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಅಳತೆ ಮುಗಿಯುವ ಮೊದಲೇ ಕತ್ತರಿ ಹಾಕುವವರು, ಟೀ ತರಿಸಿ ಅರ್ಧ ಕುಡಿದು ಮರೆಯುವವರು, ಎದುರಿಗಿದ್ದವರ ಮಾತಿನ ಕೊನೆಯನ್ನು ತಾವೇ ಹೇಳಿ ಮುಗಿಸುವವರು ಹಾಡಿಗೆ ಅವಸರವೆಂದು ದೂರುತ್ತಿದ್ದರು.

ನನಗೂ ರೆಕಾರ್ಡಿನ ಹುಚ್ಚಿದೆ ಎಂದು ತಿಳಿದಮೇಲೆ ಅವರು ನನ್ನನ್ನು ಗಿರಾಕಿಯಾಗಿ ನೋಡುವುದನ್ನೇ ಬಿಟ್ಟರು. ಫ್ಯಾಕ್ಟರಿಯಲ್ಲಿದ್ದ ನಮ್ಮ ತಂದೆ ಬಿಟ್ಟುಹೋದ ಭಾವಗೀತೆ, ನಾಟಕದ ಹಾಡುಗಳ ತಟ್ಟೆಗಳು ನನ್ನ ಆಸ್ತಿ. ಕ್ರಿಸ್‌ಮಸ್ ಪಾಪ್ ಎಂದರೆ ಮಾಲ್‌ಗಳಲ್ಲಿ ತಲೆ ಚಿಟ್ಟುಹಿಡಿಸುವ ಗಲಾಟೆ ಎಂದಷ್ಟೇ ಅಂದುಕೊಂಡಿದ್ದವಳು ನಾನು. ಹಾಗೆಂದು ಅವರೆದುರೇ ಹೇಳಿಯೂಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ, ಪಾಠ ಶುರುಮಾಡಿದರು.

"ನೋಡಿ ಮೇಡಂ, ಒಂದು ಕ್ರಿಸ್‌ಮಸ್ ಎಲ್‌ಪಿಲಿ ಇರೋ ಹಾಡೆಲ್ಲ ಬೇರೆಯವ್ರೂ ಹಾಡಿರೋದೇ. ಹೊಸದೇನೂ ಇಲ್ಲ. ಅದಕ್ಕೇ ಹಾಡೋರು ಸಿಕ್ಕಿಬೀಳ್ತಾರೆ. ನಿಮ್ಮಲ್ಲಿ ಎಲ್ಲಾ ಮನೇಲೂ ತಿಳಿಸಾರು ಮಾಡ್ತೀರಲ್ಲ? ಯಾರ ಕೈ ಹೆಂಗೆ ಅಂತ ಅದ್ರಲ್ಲೇ ಗೊತ್ತಾಗಲ್ವಾ?"

ಆಮೇಲೆ ನಾನು ಕಿವಿಗೊಟ್ಟು ಕೇಳತೊಡಗಿದೆ. ಒಬ್ಬ ಗಾಯಕ ಮದುವೆ ಮನೆಯ ಯಜಮಾನನ ಹಾಗೆ ಎಲ್ಲರನ್ನೂ ಬನ್ನಿ ಬನ್ನಿ ಎನ್ನುತ್ತಾನೆ. ಇನ್ನೊಬ್ಬಳು ಪಿಟೀಲುಗಳ ದಂಡನ್ನೇ ಹಿಂದೆ ನಿಲ್ಲಿಸಿಕೊಂಡು, ಅವು ಇಲ್ಲವೇ ಇಲ್ಲವೆಂಬಂತೆ ಪಕ್ಕದಲ್ಲಿ ಕೂತು ಪಿಸುಗುಡುತ್ತಾಳೆ. ಮೊದಲ ಬದಿಯಲ್ಲೆಲ್ಲ ನಗು, ಗಂಟೆ, ಮಕ್ಕಳ ಕೋರಸ್. ನಿಜವಾದ ಹಾಡು ಎರಡನೇ ಬದಿಯ ಕೊನೆಯದಕ್ಕಿಂತ ಹಿಂದಿನದು ಎಂಬುದು ಭಾಯ್ ಸಿದ್ಧಾಂತ. "ಪಾರ್ಟಿ ಮುಗೀತಾ ಬಂದಿರುತ್ತೆ. ನೆಂಟರು ಚಪ್ಪಲಿ ಹುಡುಕ್ತಿರ್ತಾರೆ. ಆಗ ಹಾಡೋರು ಒಬ್ರೇ ಇರ್ತಾರೆ ಮೇಡಂ. ಅಲ್ಲಿ ಸುಳ್ಳು ಹಾಡೋಕ್ಕಾಗಲ್ಲ." ನಾನು ಅವರ ರೆಕಾರ್ಡುಗಳನ್ನು ಮನೆಗೆ ಒಯ್ದು ಒಂದೊಂದಾಗಿ ಹಾಕಿ ನೋಡಿದೆ. ಎಲ್ಲದರಲ್ಲೂ ಅಲ್ಲದಿದ್ದರೂ ಒಳ್ಳೆಯ ಎಲ್‌ಪಿಗಳಲ್ಲೆಲ್ಲ ಅವರ ಮಾತು ನಿಜವಾಗಿತ್ತು.

ಕವರ್ ನೋಡಿ ಅವರು ರೆಕಾರ್ಡ್ ಕೊಂಡವರಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಮೂಸಿ, ಅಂಚನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಕ್ರಿಸ್‌ಮಸ್ ತಟ್ಟೆಗಳು ಶುದ್ಧವಾಗಿ ಸಿಗುವುದು ಅಪರೂಪ. ವರ್ಷಕ್ಕೊಮ್ಮೆ ಹೊರಬಂದು, ಮನೆ ತುಂಬ ಜನರ ನಡುವೆ, ಕೇಕು ಹಿಡಿದ ಕೈಯಲ್ಲೇ ಮುಟ್ಟಿಸಿಕೊಂಡು ವಾಪಸು ಹೋಗುವಂಥವು. ಕುಕ್ ಟೌನಿನ ಯಾವುದೋ ಮನೆಯವರು ಹೊರದೇಶಕ್ಕೆ ಹೊರಟರೆ ಅಂಥ ಪೆಟ್ಟಿಗೆಗಳು ಗುಜರಿಗೆ ಬರುತ್ತಿದ್ದವು. ತಟ್ಟೆಯನ್ನು ಹಿಂಜಿದ ಹತ್ತಿಯಲ್ಲಿ ಒರೆಸಿ ಹೊಳಪು ಬರಿಸುತ್ತಿದ್ದರು, ಆದರೆ ಕವರಿನ ಮೇಲಿನ ವೈನ್ ಕಲೆಗೆ ಕೈ ಹಚ್ಚುತ್ತಿರಲಿಲ್ಲ. "ಅದು ಅವರ ಮನೇದು" ಎನ್ನುತ್ತಿದ್ದರು. ಬರೀ ಭಕ್ತಿಯ ಹಾಡುಗಳಿರುವ ರೆಕಾರ್ಡನ್ನು ಮಾತ್ರ ಅವರು ಕೊಳ್ಳುತ್ತಿರಲಿಲ್ಲ. ದೇವರ ಹಾಡು ದೇವರ ಮನೆಯಲ್ಲಿ ಕೇಳಬೇಕು, ನನಗೆ ಬೇಕಿರುವುದು ಮನೆಗೆ ಬರುವವರ ಹಾಡು ಎನ್ನುತ್ತಿದ್ದರು. ನಮಾಜಿನಿಂದ ಬರುವಾಗ ಯಾರೋ, "ನಿಮಗ್ಯಾಕೆ ಭಾಯ್ ಈ ಹಾಡೆಲ್ಲ?" ಎಂದು ಕೇಳಿದ್ದಕ್ಕೆ, "ಹಿಮ ಬೀಳೋದಕ್ಕೆ ಯಾವ ಮಜಹಬ್, ಯಾವ ಧರ್ಮ?" ಎಂದಿದ್ದರಂತೆ. ಹಿಮವನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಹಾಡುಗಳಲ್ಲಿ ಬರುವ ಜಾರುಬಂಡಿಯ ಗೆಜ್ಜೆ ಕೇಳಿದರೆ ಅವರ ಕಣ್ಣೆದುರು ಬರುತ್ತಿದ್ದದ್ದು ರಸೆಲ್ ಮಾರ್ಕೆಟ್ ಮುಂದೆ ಹಿಂದೆಲ್ಲ ನಿಲ್ಲುತ್ತಿದ್ದ ಜಟಕಾ ಗಾಡಿ.

ಮದುವೆಯಾಗಿರಲಿಲ್ಲ. ಕೇಳಿದರೆ, "ಪುರುಸೊತ್ತೇ ಸಿಗಲಿಲ್ಲ ಮೇಡಂ" ಎನ್ನುತ್ತಿದ್ದರು. ಫ್ರೇಜರ್ ಟೌನಿನ ಮನೆಯಲ್ಲಿ ಅವರೂ, ಗಂಡ ತೀರಿಕೊಂಡ ಮೇಲೆ ತವರಿಗೇ ವಾಪಸು ಬಂದಿದ್ದ ಅವರ ಅಕ್ಕನೂ ಇಬ್ಬರೇ. ಅಕ್ಕನನ್ನು ಅವರು ಆಪಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಆಪಾ ತಮ್ಮನಿಗೆ ತದ್ವಿರುದ್ಧ. ಕಿಟಕಿಯ ಪಕ್ಕದ ದಿವಾನದ ಮೇಲೆ ಕೂತರೆ ಕೂತರು. ಅಲ್ಲಿಂದಲೇ ಅಡುಗೆಮನೆ, ಬೀದಿ, ತಮ್ಮ ಎಲ್ಲವನ್ನೂ ನಡೆಸುತ್ತಿದ್ದರು.

ಆ ಮನೆಗೆ ಹೋಗತೊಡಗಿದ ಮೇಲೆಯೇ ಅವರ ಹುಡುಕಾಟದ ಮೂಲ ನನಗೆ ತಿಳಿದದ್ದು.

ಅವರು ಚಿಕ್ಕವರಿದ್ದಾಗ ಅದೇ ಕಾಂಪೌಂಡಿನ ಮಹಡಿಯ ಮೇಲೆ ಒಬ್ಬ ಆಂಗ್ಲೋ ಇಂಡಿಯನ್ ಆಂಟಿ ಇದ್ದರು. ಒಂದು ಡಿಸೆಂಬರಿನಲ್ಲಿ ಅಮ್ಮ ಆಸ್ಪತ್ರೆ ಸೇರಿದಾಗ, ಅಕ್ಕ ತಮ್ಮ ಇಬ್ಬರನ್ನೂ ಆಂಟಿ ಮೇಲಕ್ಕೆ ಕರೆದುಕೊಂಡರು. ಸಂಜೆ ಮೆಟ್ಟಿಲ ತಿರುವಿನಲ್ಲಿ ಪುಟ್ಟ ಪೆಟ್ಟಿಗೆಯಂಥ ಪ್ಲೇಯರ್ ಇಟ್ಟು, ಕಾಂಪೌಂಡಿನ ಮಕ್ಕಳಿಗೆಲ್ಲ ಕೇಳಲೆಂದು ಒಂದು ರೆಕಾರ್ಡ್ ಹಾಕುತ್ತಿದ್ದರು. ಅದರ ಕವರ್ ಎಂದೋ ಕಳೆದುಹೋಗಿ, ಹಳೆ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಟ್ಟಿದ್ದರಂತೆ. ಅದರಲ್ಲೊಂದು ಹಾಡು: ಕಿಟಕಿಯಲ್ಲಿ ದೀಪ ಇಟ್ಟಿದ್ದೇನೆ, ತಡವಾದರೂ ಮನೆಗೆ ಬಾ ಎನ್ನುವಂಥದ್ದು. ಅಮ್ಮ ಮನೆಗೆ ಬರಲಿಲ್ಲ. ಆಂಟಿಯ ಮನೆಯವರು ಸ್ವಲ್ಪ ಕಾಲಕ್ಕೆ ಆಸ್ಟ್ರೇಲಿಯಾಕ್ಕೆ ಹೋದರು. ಹಾಡು ಮಾತ್ರ ಈ ಹುಡುಗನ ತಲೆಯಲ್ಲಿ ಉಳಿಯಿತು.

ಸಾಲದ್ದಕ್ಕೆ ಕ್ರಿಸ್‌ಮಸ್ ಎಲ್‌ಪಿ ಮಾಡಿದವರಲ್ಲಿ ಮುಕ್ಕಾಲುಪಾಲು ಜನ ಆ ಹಾಡನ್ನು ಹಾಡಿದ್ದರು. ಹಾಗಾಗಿ ಸಿಕ್ಕಿದ್ದನ್ನೆಲ್ಲ ಕೊಳ್ಳುವುದು, ಅರ್ಧ ಕೇಳುವುದು, ಮುಳ್ಳೆತ್ತುವುದು. ಅವರು ಹುಡುಕುತ್ತಿದ್ದದ್ದು ನಿಧಾನವಾಗಿ, ಭಾರವಾದ ದನಿಯಲ್ಲಿ ಹಾಡುವ ಹೆಂಗಸನ್ನು. ಅಷ್ಟೇ ಆಗಿದ್ದರೆ ಸರಿ. ಆದರೆ ಆಪಾ ದಿವಾನದ ಮೇಲಿಂದ, "ಹೆಂಗಸಲ್ಲ. ಗಂಡಸು" ಎನ್ನುತ್ತಿದ್ದರು.

"ಔರತ್ ಹೈ ಆಪಾ."

"ಮರ್ದ್ ಹೈ ರೇ. ನೀನು ಅಂಗೈಯಗಲ ಇದ್ದೆ, ನಿಂಗೇನು ಗೊತ್ತು? ಏಳು ಹೊಡೆಯೋಕೆ ಮುಂಚೆ ಮಲಗಿಬಿಡ್ತಿದ್ದೆ."

ಹೆಂಗಸೋ ಗಂಡಸೋ ಎಂಬ ಈ ಜಗಳ ಅಕ್ಕ ತಮ್ಮಂದಿರಿಬ್ಬರ ತಲೆ ನೆರೆತರೂ ನಿಂತಿರಲಿಲ್ಲ. ನಾನು ನಗುತ್ತ ಕೇಳುತ್ತಿದ್ದೆ. ಒಂದು ದಿನ ಬಸ್‌ಸ್ಟಾಪಿನವರೆಗೆ ಬಿಡಲು ಬಂದ ಭಾಯ್, ಆ ಬದಿಯ ಫುಟ್‌ಪಾತಿನಿಂದ ಈ ಬದಿಗೆ, ಈ ಬದಿಯಿಂದ ಆ ಬದಿಗೆ ಸುಮ್ಮಸುಮ್ಮನೆ ದಾಟುತ್ತ, ನನ್ನ ಮುಖ ನೋಡದೆ ಹೇಳಿದರು: "ನಗಬೇಡಿ ಮೇಡಂ. ಅಮ್ಮೀದು ನಂಗೆ ಜಾಸ್ತಿ ಏನೂ ನೆನಪಿಲ್ಲ. ಹಸಿರು ಶಾಲು ಹೊದ್ದು ಮೆಟ್ಟಿಲು ಇಳೀತಾ ಇರ್ತಾರೆ, ತಿರುಗಿ ನೋಡಿ ನಗ್ತಾರೆ. ಅಷ್ಟೇ. ಅದಾದ್ಮೇಲೆ ಆ ಹಾಡು. ಎರಡೇ ಇರೋದು ನನ್ನತ್ರ. ಹಾಡೋಳ ಗಂಟಲೇ ತಪ್ಪು ಅಂದ್ರೆ, ಆ ಮುಖಾನೂ ನಾನೇ ಮಾಡ್ಕೊಂಡಿದ್ದಾ?"

ಬಸ್ಸು ಬಂತು, ಹತ್ತಿಬಿಟ್ಟೆ. ಆಮೇಲೆ ನಾನೂ ಹುಡುಕತೊಡಗಿದೆ. ಹಲಸೂರಿನ ಹಳೆ ಪೇಪರ್ ಅಂಗಡಿ, ಇಂದಿರಾನಗರದಲ್ಲಿ ರೆಕಾರ್ಡುಗಳನ್ನು ಗೋಡೆಗೆ ಮೊಳೆ ಹೊಡೆದು ಸಿಂಗರಿಸುವ ಕಾಫಿ ಅಂಗಡಿ, ಎಲ್ಲಿ ಹೋದರೂ ಕಣ್ಣು ಅದನ್ನೇ ಅರಸುತ್ತಿತ್ತು. ಮೊಳೆ ಹೊಡೆದವರ ಕೈ ಸೇದಿಹೋಗಲಿ ಎಂದು ಮನಸಾರೆ ಶಪಿಸಿದ್ದೇನೆ.

ಆ ಎಲ್ಲ ತಟ್ಟೆಗಳ ಪೈಕಿ ಒಂದರ ಮೇಲೆ ಭಾಯ್‌ಗೆ ವಿಶೇಷ ಸಿಟ್ಟಿತ್ತು. ಕವರಿನ ಮೇಲೆ ಕೆಂಪು ಕೋಟಿನ ಹೆಂಗಸು, ಹೆಗಲ ಮೇಲೆ ಕಾಗದದ ಹಿಮ. ಚೆನ್ನಾಗಿ ನೋಡಿದರೆ ಮೇಲ್ತುಟಿಯ ಮೇಲೆ ಬೆವರು. ಇಂಥ ಎಲ್‌ಪಿಗಳನ್ನು ಬೇಸಿಗೆಯಲ್ಲೇ ಹಾಡಿಸಿ ತಯಾರು ಮಾಡುತ್ತಿದ್ದರಂತೆ. ಆ ಬೆವರಿಗಾಗಿ ನಾನು ಅವಳನ್ನು ಮೆಚ್ಚಿದ್ದೆ. ಭಾಯ್ ಅವಳಿಗೆ ಇಟ್ಟಿದ್ದ ಹೆಸರು ಬಸ್ ಹಿಡಿಯುವವಳು. "ಎಲ್ಲಾ ಸರಿ ಇದೆ ಮೇಡಂ. ಪಿಟೀಲು ಅದೇ, ಗಂಟೆ ಅದೇ ಜಾಗಕ್ಕೆ ಬರುತ್ತೆ. ಬಸ್ ತಪ್ಪೋಗುತ್ತೆ ಅನ್ನೋ ಹಂಗೆ ಓಡ್ತಾಳೆ. ಇನ್ನೊಂದು ಎಡಿಷನ್ ಇರ್ಬೇಕು. ನಿಧಾನಕ್ಕೆ ಹಾಡಿರೋದು." ಅದೇ ರೆಕಾರ್ಡನ್ನು ಮತ್ತೆ ಮತ್ತೆ ಕೊಂಡು, ಒಂದರ ಪಕ್ಕ ಒಂದು ಜೋಡಿಸಿಟ್ಟು, ಅದರ ಇನ್ನೊಂದು ಎಡಿಷನ್‌ಗಾಗಿ ಕಾಯುತ್ತಿದ್ದರು. ಸಂಗ್ರಹದ ಹುಚ್ಚಿಲ್ಲದವರು ಇಂಥ ತಪ್ಪು ಮಾಡಲಾರರು.

ಒಂದು ಭಾನುವಾರ, ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ, ಹಲಸೂರಿನಲ್ಲಿ ಸಿಕ್ಕಿದ ಕವರಿಲ್ಲದ ತಟ್ಟೆಯೊಂದನ್ನು ಹಿಡಿದು ಅವರ ಮನೆಗೆ ಹೋದೆ. ಭಾಯ್ ನಡುವಿನ ಲೇಬಲ್ ನೋಡಿ ಮುಖ ಸಿಂಡರಿಸಿದರು. "ಇವಳೇ. ಬಸ್ ಹಿಡಿಯೋಳು."

"ಮೇಡಂ ಅಷ್ಟು ದೂರದಿಂದ ತಂದಿದಾರೆ, ಹಾಕು" ಎಂದರು ಆಪಾ.

ಕರೆಂಟಿರಲಿಲ್ಲ. ಬೀದಿಯ ಟ್ರಾನ್ಸ್‌ಫಾರ್ಮರ್ ರಿಪೇರಿ. ಬೀರುವಿನ ಮೇಲೆ ಅಲಂಕಾರಕ್ಕೆಂದು ಇಟ್ಟಿದ್ದ, ಗುಜರಿಯಿಂದ ತಂದ ಸೆಲ್ಲಿನ ಪ್ಲೇಯರ್ ಒಂದಿತ್ತು. ತಟ್ಟೆ ಹಾಳಾಗುತ್ತದೆಂದು ಭಾಯ್ ಅದನ್ನು ಎಂದೂ ಬಳಸಿರಲಿಲ್ಲ. ಆಪಾ ಹೇಳಿದ ಮೇಲೆ ಗೊಣಗುತ್ತ ಇಳಿಸಿದರು. ಸೆಲ್ಲೇ ಇಲ್ಲ ಎಂದು ಅದನ್ನು ಮತ್ತೆ ಮೇಲಿಡಲು ಹೊರಟರು. ಆಪಾ ಪಕ್ಕದ ಕಿಟಕಿಯ ಕಟ್ಟೆಯಿಂದ ಒಂದಷ್ಟು ದಪ್ಪ ಸೆಲ್ ಎತ್ತಿ ಮಡಿಲಿಗೆ ಹಾಕಿಕೊಂಡರು. ಗೀಸರಿನಿಂದ ತೆಗೆದವು, ಟಾರ್ಚಿನಿಂದ ತೆಗೆದವು.

"ಸತ್ತ ಸೆಲ್ ಕೈಕು ಆಪಾ, ಯಾಕೆ ಬೇಕು?"

"ಬಿಸಿಲಿಗಿಟ್ಟಿದೀನಿ. ಸ್ವಲ್ಪ ಜೀವ ಬಂದಿರುತ್ತೆ. ಮೇಲಿನ ಆಂಟಿನೂ ಹಿಂಗೇ ಮಾಡ್ತಿದ್ರಲ್ಲ? ಮೆಟ್ಟಿಲಿಗೆ ವೈರ್ ಎಟಕ್ತಿರಲಿಲ್ಲ. ಹಗಲೆಲ್ಲ ಸೆಲ್ ಮಹಡಿ ಗೋಡೆ ಮೇಲೆ ಬಿಸಿಲಲ್ಲಿ, ಸಂಜೆ ಪ್ಲೇಯರ್‌ನಲ್ಲಿ."

ಭಾಯ್‌ಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವ ವಯಸ್ಸೂ ಆಗಿರಲಿಲ್ಲ. ಸೆಲ್ ಹಾಕಿ, ಆ ಹಾಡಿನ ಗೆರೆ ಹುಡುಕಿ ಮುಳ್ಳಿಟ್ಟರು.

ಸೋತ ಸೆಲ್ಲಿನಲ್ಲಿ ತಟ್ಟೆ ನಿಧಾನಕ್ಕೆ ತಿರುಗಿತು. ಪಿಟೀಲು ನಿದ್ದೆಗಣ್ಣಿನಲ್ಲಿ ಎದ್ದ ಹಾಗೆ ಬಂತು. ಆಮೇಲೆ ಅವಳು. ಅದೇ ಕೆಂಪು ಕೋಟಿನವಳು. ಈಗ ಅವಳಿಗೆ ಯಾವ ಬಸ್ಸೂ ಹಿಡಿಯಬೇಕಿರಲಿಲ್ಲ. ಒಂದೊಂದು ಮಾತನ್ನೂ ಇಳಿಸಿ, ಇಳಿಸಿ, ಭಾರವಾದ ಗಂಟಲಲ್ಲಿ, ಕಿಟಕಿಯ ದೀಪವನ್ನು ಅಲ್ಲೇ ಮುಂದೆ ತಂದಿಟ್ಟ ಹಾಗೆ ಹಾಡಿದಳು. ಮುಳ್ಳೆತ್ತಲು ಚಾಚಿದ್ದ ಭಾಯ್ ಕೈ ಅಲ್ಲೇ ನಿಂತಿತು. ಅವರು ಅಂಗಡಿಗೆಂದು ಮೂಲೆಯಲ್ಲಿಟ್ಟಿದ್ದ ಲೇಸಿನ ಮೂಟೆಯ ಮೇಲೆ ಕೂತರು. ಅವರು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಾಡು ಮುಗಿಯುವವರೆಗೆ ಕಾಲೂ ಅಲ್ಲಾಡಲಿಲ್ಲ. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಹೋಗುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಇವಳೇ" ಎಂದರು. "ಆಪಾ, ಇವಳೇ. ಮನೇಲೇ ಇದ್ದಳು."

ಆಪಾ ಒಪ್ಪಲಿಲ್ಲ. "ಇನ್ನೊಂದ್ಸಲ ಹಾಕು. ಆಂಟಿ ನೀವೆಲ್ಲ ಮಲಗಿದ್ಮೇಲೆ ದೊಡ್ಡೋರಿಗೆ ಅಂತ ಅದೇ ಹಾಡು ಮತ್ತೆ ಹಾಕ್ತಿದ್ರು." ಮತ್ತೆ ಹಾಕಿದರು. ಅಷ್ಟರಲ್ಲಿ ಸೆಲ್ಲುಗಳ ಜೀವ ಇನ್ನಷ್ಟು ಇಳಿದಿತ್ತು. ಹಾಡು ತೆವಳುತ್ತ ಬಂತು. ಹೆಂಗಸಿನ ದನಿ ಇಳಿಯುತ್ತ ಇಳಿಯುತ್ತ, ನಡುವಿನ ಹೊತ್ತಿಗೆ ದಪ್ಪ ಗಂಡಸಿನದಾಗಿಬಿಟ್ಟಿತು. "ಇದೋ! ಇವನು! ನಾನು ಹೇಳಲಿಲ್ವಾ?" ಎಂದು ಆಪಾ ದಿವಾನ ಬಡಿದರು. ಅಕ್ಕ ತಮ್ಮ ಇಬ್ಬರೂ ನಗುತ್ತ ಅಳುತ್ತ ಕೂತಿದ್ದಾಗ ಹಾಡು ಗುರ್ ಎಂದು ನಿಂತುಹೋಯಿತು.

ಇನ್ನಾದರೂ ಚಡಪಡಿಕೆ ಬಿಡಬಹುದು ಎಂದುಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗದು. ರೆಕಾರ್ಡ್ ಕೊಳ್ಳುವುದು ನಿಂತು, ಸೋತ ಸೆಲ್ ಹುಡುಕುವುದು ಶುರುವಾಯಿತು. ಹೊಸ ಸೆಲ್ ಹಾಕಿದರೆ ಅವಳು ಮತ್ತೆ ಬಸ್ ಹಿಡಿಯಲು ಓಡುತ್ತಿದ್ದಳು, ಪೂರಾ ಸತ್ತದ್ದಾದರೆ ಬಾಯೇ ತೆರೆಯುತ್ತಿರಲಿಲ್ಲ. ಹದವಾಗಿ ಸೋತಿರಬೇಕು. ಗಿರಾಕಿಗಳಿಗೆಲ್ಲ, "ಗೀಸರ್ ಹತ್ತದಿದ್ರೆ ಸೆಲ್ ಎಸೀಬೇಡಿ, ನಂಗೆ ತಂದ್ಕೊಡಿ" ಎಂದು ಹೇಳಿಟ್ಟಿದ್ದರು. "ನಮ್ಮ ಬಚ್ಚಲುಮನೆ ಕಸ ಅವರ ಕ್ರಿಸ್‌ಮಸ್ಸಾ?" ಎಂದು ನಮ್ಮನೆಯವರು ಚುಡಾಯಿಸುತ್ತಿದ್ದರು. ಆದರೂ ಸೆಲ್ ತೆಗೆದರೆ ಒರೆಸಿ ನನ್ನ ಕೈಗೇ ಕೊಡುತ್ತಿದ್ದರು.

ಅಕ್ಕ ತಮ್ಮಂದಿರ ಜಗಳವೂ ಮುಗಿಯಲಿಲ್ಲ, ಅದಕ್ಕೊಂದು ಪದ್ಧತಿ ಬಂತು. ಮೊದಲ ಸಲದ ಹಾಡು ತಮ್ಮನದು. ಎರಡನೇ ಸಲದ್ದು ಅಕ್ಕನದು. ಮೊದಲನೆಯದು ಮುಗಿದ ಕೂಡಲೇ ಭಾಯ್ ಮುಳ್ಳೆತ್ತಿ, "ನೋಡಿದ್ಯಾ, ಔರತ್" ಎನ್ನುತ್ತಿದ್ದರು. "ಇನ್ನೂ ಇದೆ, ಹಾಕೋ ಕಳ್ಳ" ಎಂದು ಆಪಾ ಪಟ್ಟುಹಿಡಿದು ಗಂಡಸಿನ ದನಿಯವರೆಗೆ ಓಡಿಸಿಯೇ ಬಿಡುತ್ತಿದ್ದರು. ಒಂದು ಸಲವೂ ಆಪಾ ಸೋಲೊಪ್ಪಿದ್ದನ್ನು ನಾನು ಕಾಣೆ.

ಈ ಮಳೆಗಾಲದ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಏಣಿ ಹತ್ತಿ ಮೇಲಿನ ಖಾನೆಯಿಂದ ಲೇಸ್ ತೆಗೆಯುತ್ತಿದ್ದ ಭಾಯ್ ಕೆಳಗಿಳಿದು ಸ್ಟೂಲಿನ ಮೇಲೆ ಕೂತರಂತೆ. "ಕೂತ್ಕೊಂಡ ಮೇಡಂ, ಅಂಗಡೀಲಿ ಕೂತ್ಕೊಂಡ" ಎಂದು ಆಪಾ ಫೋನಿನಲ್ಲಿ ಹೇಳಿದರು. "ಅದನ್ನ ನೋಡೇ ಪಕ್ಕದಂಗಡಿಯವರು ಓಡಿಬಂದ್ರು." ಆಸ್ಪತ್ರೆಯವರೆಗೂ ಹೋಗಲಾಗಲಿಲ್ಲ.

ಸೆಲ್ ಕೈಚೀಲದಲ್ಲಿಟ್ಟುಕೊಂಡು ಹೀಗೆ ಒಳಗೂ ಹೊರಗೂ ತಿರುಗಿ ಸಾಕಾಗಿ, ನಿನ್ನೆ ಫ್ರೇಜರ್ ಟೌನಿಗೆ ಹೊರಟೇಬಿಟ್ಟೆ. ಆಪಾ ಅದೇ ದಿವಾನದ ಮೇಲೆ, ಅದೇ ಕಿಟಕಿಯ ಪಕ್ಕ. ಇಳಿದುಹೋಗಿದ್ದರು. ನಾನು ಪೇಪರಿನ ಪೊಟ್ಟಣ ಕೈಗಿಟ್ಟೆ. ಬಿಚ್ಚಿ ನೋಡಿ, ಕಟ್ಟೆಯ ಮೇಲೆ ಆಗಲೇ ಸಾಲಾಗಿದ್ದ ಸೆಲ್ಲುಗಳ ಪಕ್ಕಕ್ಕೆ ಬಿಸಿಲಿಗಿಟ್ಟರು. ಗಿರಾಕಿಗಳು ಇನ್ನೂ ತಂದುಕೊಡುತ್ತಿದ್ದಾರಂತೆ. ಟೀ ಕುಡಿದೆವು. ನನಗೆ ಕೂರಲಾಗದೆ ಎದ್ದು ರೆಕಾರ್ಡುಗಳ ಸಾಲನ್ನು ಸರಿಪಡಿಸಿದೆ, ಮತ್ತೆ ಕೂತೆ, ಮತ್ತೆ ಎದ್ದೆ.

"ಅವನ ಥರಾನೇ ಆಗಿದೀಯಲ್ಲಮ್ಮ" ಎಂದರು ಆಪಾ. "ಹಾಕು."

ಸೆಲ್ ಬೆಚ್ಚಗಿದ್ದವು. ಹಾಡು ಹದವಾಗಿ, ನಿಧಾನವಾಗಿ ಬಂತು. ಆಪಾ ಕಣ್ಣು ಮುಚ್ಚಿಕೊಂಡು ಕೇಳಿದರು. ಮೊದಲ ಸಲದ್ದು ಮುಗಿಯಿತು. ಮುಳ್ಳೆತ್ತಿ ಅಡ್ಡಿಮಾಡುವವರು ಯಾರೂ ಇರಲಿಲ್ಲ. ಇನ್ನು ಅವರದೇ ಸರದಿ ಎಂದು, ಎರಡನೇ ಸಲಕ್ಕೆ ನಾನು ಮುಳ್ಳನ್ನು ಹಿಂದಕ್ಕೆ ತರಲು ಹೋದೆ.

ಆಪಾ ನನ್ನ ಕೈ ಹಿಡಿದು ನಿಲ್ಲಿಸಿದರು. ತಾವೇ ಮುಳ್ಳನ್ನು ಎತ್ತಿ ಅದರ ಜಾಗದಲ್ಲಿಟ್ಟರು. ಆಮೇಲೆ ನನಗಲ್ಲ, ಕಿಟಕಿಯಾಚೆ ಮಹಡಿಯ ಮೆಟ್ಟಿಲ ಕಡೆ ನೋಡಿಕೊಂಡು ಹೇಳಿದರು:

"ಔರತ್ ಹೈ ರೇ. ನೀನು ಹೇಳಿದ್ದೇ ಸರಿ."